ಬಲಕ್ಕೆ ಅಕ್ಕನ ಹೂವು, ಎಡಕ್ಕೆ ನನ್ನದು

ನಮ್ಮ ಮನೆಗಿಂತ ಅಂಗಳವೇ ದೊಡ್ಡದಿತ್ತು. ಹೊನ್ನಾವರದ ಸೇತುವೆಯಾಚೆಯ ಕಾಸರಕೋಡಿನಲ್ಲಿ ಮೀನು ಒಣಗಿಸಿ ಬದುಕುವವರ ಮನೆಗಳೆಲ್ಲ ಹೀಗೆಯೇ. ಮನುಷ್ಯರಿಗೆ ಎರಡು ಕೋಣೆ, ಮೀನಿಗೆ ಉಳಿದ ಜಾಗವೆಲ್ಲ. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚವಿತ್ತು. ನಾನಿನ್ನೂ ಶಾಲೆಗೆ ಸೇರುವ ಮೊದಲೇ, ದೋಣಿಯನ್ನು ದಡಕ್ಕೆ ಎಳೆಯುವಾಗ ಹಗ್ಗ ಜಾರಿ ಅವನ ಸೊಂಟ ಮುರಿದಿತ್ತು. ಆಮೇಲೆ ಅವನು ಮಂಚದ ಮೇಲೆ ಮಲಗಿಕೊಂಡೇ, ತನ್ನದಲ್ಲದ ದೋಣಿಗಳು ಎಷ್ಟು ಹೊತ್ತಿಗೆ ಹೊರಡಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಮಾಡಿನ ಹಂಚಿಗೆ ಹೇಳುತ್ತಿದ್ದ. ಹಿಂದಿನ ಕೋಣೆಯಲ್ಲಿ ಒಲೆ, ಒಲೆಯ ಪಕ್ಕ ಉಪ್ಪಿನ ಚೀಲಗಳು, ಚೀಲಗಳ ಪಕ್ಕ ನಾವು ನಾಲ್ವರು ಹೆಂಗಸರು: ಅಜ್ಜಿ, ನಾವು ಆಯಿ ಎಂದು ಕರೆಯುತ್ತಿದ್ದ ಅಮ್ಮ, ಅಕ್ಕ ಮಾದೇವಿ, ಕೊನೆಗೆ ನಾಗಿ ಎಂಬ ನಾನು. ಉಪ್ಪು ಒರಗಿಸಿದ ಗೋಡೆ ಬೇಸಿಗೆಯಲ್ಲೂ ಬೆವರುತ್ತಿತ್ತು. ಆ ಗೋಡೆಯ ಕಡೆ ಮಲಗುವ ಸರದಿ ಯಾರದೆಂದು ಅಕ್ಕನಿಗೂ ನನಗೂ ದಿನವೂ ಜಗಳ. ಜಗಳ ಮುಗಿಯುವುದು ಮಾತ್ರ ಒಂದೇ ರೀತಿಯಲ್ಲಿ. ಅಕ್ಕ ತಾನೇ ಗೋಡೆಯ ಕಡೆಗೆ ಹೊರಳಿಕೊಳ್ಳುತ್ತಿದ್ದಳು. ಊಟದಲ್ಲೂ ಅಷ್ಟೇ. ಒಳ್ಳೆಯ ಮೀನು ಮಾರಾಟಕ್ಕೆ, ತಲೆ ಮುರಿದದ್ದು, ಹೊಟ್ಟೆ ಒಡೆದದ್ದು ನಮ್ಮ ಗಂಜಿಗೆ. ಅಜ್ಜಿ ಕೆಂಡದಲ್ಲಿ ಸುಟ್ಟ ಒಂದು ಒಣ ಬಂಗಡೆಯನ್ನು ಇಬ್ಬರಿಗೆ ಮುರಿದು ಕೊಟ್ಟರೆ, ಮುಳ್ಳಿನ ತುಂಡು ಅದು ಹೇಗೋ ಅಕ್ಕನ ಬಟ್ಟಲಿಗೇ ಹೋಗುತ್ತಿತ್ತು. ಆಗ ನನಗೆ ಅದು ಪ್ರೀತಿಯೆಂದು ಹೊಳೆಯಲಿಲ್ಲ. ಅಕ್ಕ ಸ್ವಲ್ಪ ಪೆದ್ದು, ನಾನು ಜಾಣೆ ಎಂದುಕೊಂಡಿದ್ದೆ.

ಅಂಗಳದ ತುಂಬ ಹಳೆಯ ಬಲೆ ಹಾಸಿ, ಅದರ ಮೇಲೆ ತಾರ್ಲೆ, ಬಂಗಡೆ, ಶೆಟ್ಲಿ ಎಲ್ಲ ಸಾಲುಸಾಲಾಗಿ ಹರಡುತ್ತಿದ್ದರು. ಸಾಲುಗಳ ನಡುವೆ ಒಂದೊಂದು ಅಡಿಯ ದಾರಿ. ಹಗಲಿಗೆ ಮೂರು ಸಲ ಮೀನು ಮಗುಚಬೇಕು, ಕಾಗೆ ಓಡಿಸಬೇಕು, ನಾಯಿ ಓಡಿಸಬೇಕು. ಮಗುಚಲು ಸೊಂಟ ಬಗ್ಗಬೇಕು, ಓಡಿಸಲು ಬಗ್ಗಿದ ಸೊಂಟದಲ್ಲೇ ಓಡಬೇಕು, ಓಡುವಾಗ ಕಾಲು ಮೀನಿಗೆ ತಾಗಕೂಡದು. ಈ ಕೆಲಸವನ್ನು ಆಟ ಮಾಡಿದವಳು ಅಕ್ಕ. ತೆಂಗಿನ ಮರದ ಕೆಳಗೆ ಉದುರಿದ ಮಿಡಿ ಚೆಂಡು, ಒಣಗಿ ಬಿದ್ದ ತೆಂಗಿನ ಗರಿಯ ಬುಡ ಕೋಲು. ಸಾಲುಗಳ ನಡುವಿನ ದಾರಿಯಲ್ಲಿ ಆ ಮಿಡಿಯನ್ನು ಕೋಲಿಗೆ ಅಂಟಿಸಿಕೊಂಡ ಹಾಗೆ ಉರುಳಿಸುತ್ತ ಈ ತುದಿಯಿಂದ ಆ ತುದಿಗೆ ಓಡಬೇಕು. ತುದಿಯಲ್ಲಿ ಒಂದು ಬುಟ್ಟಿ ಮಗುಚಿ ಇಟ್ಟಿರುತ್ತಿದ್ದೆವು, ಅದಕ್ಕೆ ಹೊಡೆಯಬೇಕು. ಮಿಡಿ ಒಂದು ತಾರ್ಲೆಗೆ ತಾಗಿದರೂ ಸೋತಂತೆ. ಅಜ್ಜಿಗೆ ಕಣ್ಣು ಮಂಜಾಗಿದ್ದರೂ ಮೂಲೆಯಲ್ಲಿ ಕೂತು ಸದ್ದಿನ ಮೇಲೆಯೇ ಎಲ್ಲ ಹಿಡಿಯುತ್ತಿದ್ದಳು.

"ಯಾರದೇ ಅದು? ಮೀನಿಗೆ ತಾಗ್ತಲ್ಲ. ಇವತ್ತು ಗಂಜಿ ಇಲ್ಲ ನಿಂಗೆ."

ತಾಗಿಸಿದವಳು ಯಾವಾಗಲೂ ನಾನೇ. ಅಕ್ಕನ ಮಿಡಿ ಒಂದು ದಿನವೂ ಮೀನಿಗೆ ತಾಗಿದ್ದು ನನಗೆ ನೆನಪಿಲ್ಲ. ಬುಟ್ಟಿಗೆ ಅವಳು ಹೊಡೆದರೆ ಟಪ್ಪೆಂದು ಒಂದೇ ಸದ್ದು.

ಅಕ್ಕ ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವಳು. ಮೀನಿನ ಸುಗ್ಗಿಯಲ್ಲಿ ಆಯಿಯ ಜೊತೆ ಅಂಗಳದಲ್ಲೇ ನಿಂತು ಒಂದು ವರ್ಷ ಫೇಲಾಗಿದ್ದಳು, ಹಾಗಾಗಿ ಹೈಸ್ಕೂಲಿಗೆ ಇಬ್ಬರೂ ಒಟ್ಟಿಗೆ ಸೇತುವೆ ದಾಟಿ ಹೊನ್ನಾವರಕ್ಕೆ ಹೋದೆವು. ಒಂದೇ ಬೆಂಚಿನಲ್ಲಿ ಕೂತೆವು. ಬೇರೆಯವರು ನಮ್ಮ ಪಕ್ಕ ಕೂರುತ್ತಿರಲಿಲ್ಲ. ಸಾಬೂನು ಎಷ್ಟೇ ತಿಕ್ಕಿದರೂ ನಮ್ಮ ಮೈಯಿಂದ ಅಂಗಳ ಹೋಗುತ್ತಿರಲಿಲ್ಲ. ಆ ಶಾಲೆಗೆ ಕೊಡಗಿನ ಒಬ್ಬ ಡ್ರಿಲ್ ಮಾಸ್ತರರು ವರ್ಗವಾಗಿ ಬಂದಿದ್ದರು. ಕಬಡ್ಡಿ, ವಾಲಿಬಾಲು ಬಿಟ್ಟು ಬೇರೆ ಕಾಣದ ಊರಿಗೆ ಅವರು ಹನ್ನೆರಡು ಹಳೆಯ ಹಾಕಿ ಸ್ಟಿಕ್ಕುಗಳನ್ನು ಗೋಣಿಯಲ್ಲಿ ಕಟ್ಟಿ ತಂದಿದ್ದರು. ಊರಿನವರಿಗೆ ಅದೊಂದು ತಮಾಷೆ. ಮೊದಲ ದಿನ ಎಲ್ಲ ಹುಡುಗಿಯರೂ ಸ್ಟಿಕ್ಕನ್ನು ಪೊರಕೆ ಹಿಡಿದ ಹಾಗೆ ಹಿಡಿದರು. ಅಕ್ಕ ಮಾತ್ರ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿದು, ಸೊಂಟ ಬಗ್ಗಿಸಿ, ಚೆಂಡನ್ನು ಮೈದಾನದ ಆ ತುದಿಗೆ ಕೊಂಡೊಯ್ದು ನಿಲ್ಲಿಸಿದಳು. ಮಾಸ್ತರರು ಸೀಟಿ ಊದುವುದನ್ನೇ ಮರೆತರು.

"ಹೀಗೆ ಹಿಡಿಯೋದು ಯಾರು ಕಲಿಸಿದ್ದು ನಿನಗೆ?"

"ಯಾರೂ ಕಲ್ಸಲಿಲ್ಲ ಸರ್. ಮೀನಿಗೆ ತಾಗ್ಬಾರ್ದಲ, ಅದಕ್ಕೆ."

ಆ ಉತ್ತರ ಮಾಸ್ತರರಿಗೆ ಅರ್ಥವಾಗಲಿಲ್ಲ. ಒಂದು ಭಾನುವಾರ ನಮ್ಮ ಮನೆಗೇ ಬಂದು ಅಂಗಳ ನೋಡಿದ ಮೇಲೆ ಆಯಿತು.

ಎರಡು ವರ್ಷ ನಾವಿಬ್ಬರೂ ಮುಂಚೂಣಿಯಲ್ಲಿ ಆಡಿದೆವು. ನಾನು ಬಲಬದಿಯಿಂದ ಓಡಿ ಚೆಂಡು ತರುವವಳು, ಅಕ್ಕ ನಡುವೆ ನಿಂತು ಹೊಡೆಯುವವಳು. ನಾನು ತಲೆ ಎತ್ತಿ ನೋಡುವ ಅಗತ್ಯವೂ ಇರಲಿಲ್ಲ, ಅವಳು ಎಲ್ಲಿ ಇರುತ್ತಾಳೆಂದು ನನಗೆ ಗೊತ್ತಿರುತ್ತಿತ್ತು. ಕುಮಟೆಯಲ್ಲಿ ನಡೆದ ಒಂದು ಪಂದ್ಯಾವಳಿಯಲ್ಲಿ ಘಟ್ಟದ ಮೇಲಿನ ತಂಡವೊಂದನ್ನು ಸೋಲಿಸಿದಾಗ ನಾಲ್ಕೂ ಗೋಲು ಅಕ್ಕನದ್ದು, ನಾಲ್ಕಕ್ಕೂ ಚೆಂಡು ಕೊಟ್ಟವಳು ನಾನು. ವಾಪಸು ಬರುವ ಬಸ್ಸಿನಲ್ಲಿ ಎಲ್ಲರೂ ಅವಳ ಹೆಸರು ಕೂಗುತ್ತಿದ್ದರು. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ನಾನು ಎಚ್ಚರವಿದ್ದೆ. ನನ್ನ ಹೆಸರನ್ನು ಯಾರಾದರೂ ಒಂದು ಸಲ ಕೂಗುತ್ತಾರೋ ಎಂದು ಹೊನ್ನಾವರ ಬರುವವರೆಗೂ ಕಾದೆ. ಹೊಟ್ಟೆಕಿಚ್ಚು ಎಂಬ ಮಾತನ್ನು ದೊಡ್ಡವರು ಆಡುವಾಗ ಕೇಳಿದ್ದೆ. ಅದು ನಿಜಕ್ಕೂ ಹೊಟ್ಟೆಯಲ್ಲೇ ಆಗುತ್ತದೆ ಎಂದು ಆ ಬಸ್ಸಿನಲ್ಲಿ ತಿಳಿಯಿತು.

ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಕ್ರೀಡಾ ಹಾಸ್ಟೆಲಿನಿಂದ ಇಬ್ಬರಿಗೂ ಕರೆ ಬಂತು. ಮಾಸ್ತರರು ಕಾಗದ ಹಿಡಿದು ಮನೆಗೆ ಬಂದರು. ಆಯಿ ಕೈಯ ಉಪ್ಪು ಒರೆಸಿಕೊಂಡು, ಅವರಿಗೆ ಮಣೆ ಕೊಟ್ಟು, ತಾನು ಬಾಗಿಲಿಗೆ ಒರಗಿ ನಿಂತಳು. ಅಕ್ಕ ಅಂಗಳದಲ್ಲಿದ್ದಳು. ನಾನು ಒಳಗೆ ಉಪ್ಪಿನ ಚೀಲದ ಹಿಂದೆ ಕೂತು ಕೇಳುತ್ತಿದ್ದೆ.

"ಇಬ್ಬರನ್ನೂ ಕರೆದಿದ್ದಾರೆ. ಊಟ, ವಸತಿ, ಓದು ಎಲ್ಲ ಅವರದೇ."

"ಇಬ್ರನ್ನೂ ಕಳ್ಸಿ ನಾ ಎಂತ ಮಾಡ್ಲಿ ಮಾಸ್ತರ್ರೆ? ಅತ್ತೆಗೆ ಕಣ್ಣು ಕಾಣೂದಿಲ್ಲ. ಇವರು ಮಂಚ ಬಿಟ್ಟು ಏಳೂದಿಲ್ಲ. ಇಷ್ಟು ಮೀನು ನಾನೊಬ್ಳೇ ಮಗುಚ್ಲಾ? ಒಬ್ಳು ಹೋಗ್ಲಿ. ಒಬ್ಳು ಇರ್ಬೇಕು."

"ಹಾಗಾದರೆ ದೊಡ್ಡವಳನ್ನು ಕಳಿಸಿ. ಸಣ್ಣವಳು ಚೆನ್ನಾಗಿ ಆಡ್ತಾಳೆ, ಇಲ್ಲ ಅನ್ನಲ್ಲ. ಆದರೆ ಅಂಥವರು ಬೇಕಾದಷ್ಟು ಸಿಗ್ತಾರೆ. ದೊಡ್ಡವಳಂಥವಳು ಸಿಗಲ್ಲ."

ಮಂಚದ ಮೇಲಿಂದ ಅಪ್ಪ ಬೇರೆಯೇ ಲೆಕ್ಕ ಹಾಕಿದ.

"ಸಣ್ಣದಕ್ಕೆ ಕೆಲ್ಸ ಬರೂದಿಲ್ಲ. ಅದು ಇದ್ದು ಎಂತ ಪ್ರಯೋಜ್ನ? ಅದೇ ಹೋಗ್ಲಿ, ಮಾದೇವಿ ಇರ್ಲಿ."

ಇಬ್ಬರ ಮಾತಿನಲ್ಲೂ ನನಗೆ ಬೆಲೆಯಿರಲಿಲ್ಲ. ಒಬ್ಬರು ಆಟಕ್ಕೆ ಸಾಲದವಳು ಎಂದರು, ಇನ್ನೊಬ್ಬರು ಕೆಲಸಕ್ಕೆ ಸಾಲದವಳು ಎಂದರು. ಅಪ್ಪ ಹಾಗೆ ತಾನೇ ಆರಿಸಿಬಿಟ್ಟದ್ದು ಆಯಿಗೆ ಸರಿಬರಲಿಲ್ಲ. ಆಯಿ ಗಂಜಿಯ ತಟ್ಟೆಯನ್ನು ಮಂಚದ ಮೇಲೆ ಕುಕ್ಕುತ್ತಿದ್ದಳು, ಅಪ್ಪ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ. ಅಕ್ಕ ಯಾವ ಪಕ್ಷವನ್ನೂ ವಹಿಸದೆ ಮೀನು ಮಗುಚುತ್ತಿದ್ದಳು. ಆದರೆ ಅವಳು ತನ್ನ ಎರಡು ಲಂಗಗಳನ್ನು ಒಗೆದು, ಮಡಚಿ, ತಲೆದಿಂಬಿನ ಕೆಳಗೆ ಇಟ್ಟುಕೊಂಡದ್ದನ್ನು ನಾನು ನೋಡಿದ್ದೆ. ಅವಳಿಗೂ ಹೋಗುವ ಆಸೆಯಿತ್ತು. ಇದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಆಮೇಲೆ ಊರಿನವರು ಅಕ್ಕನಿಗೆ ಆಸೆಯೇ ಇರಲಿಲ್ಲ ಎಂದುಬಿಟ್ಟರು. ಕೊನೆಗೆ ಆಯಿಯೇ ದಾರಿ ಹುಡುಕಿದಳು.

"ಎರಡೂ ನನ್ನ ಹೊಟ್ಟೇಲಿ ಹುಟ್ಟಿದ್ದು. ನಾ ಹ್ಯಾಂಗೆ ಆರ್ಸಲಿ? ಅಮ್ಮನ ಹತ್ರ ಪ್ರಸಾದ ಕೇಳ್ವಾ. ಅವಳು ಹೇಳ್ದಂಗೆ ಆಗ್ಲಿ."

ಅಮ್ಮ ಎಂದರೆ ನಮ್ಮ ಊರ ದೇವಿ. ಹೊಸ ದೋಣಿ ನೀರಿಗೆ ಇಳಿಸುವುದಿದ್ದರೆ, ಹೆಣ್ಣು ಕೊಡುವುದಿದ್ದರೆ, ಕಾಯಿಲೆಯವರನ್ನು ದೊಡ್ಡಾಸ್ಪತ್ರೆಗೆ ಒಯ್ಯುವುದಿದ್ದರೆ, ನಮ್ಮವರು ಮೊದಲು ಅಲ್ಲಿ ಹೋಗಿ ಪ್ರಸಾದ ಕೇಳುತ್ತಾರೆ. ದೇವಿಯ ಪೂಜೆ ಮಾಡುವ ಗುನಗ ಹೂವಿನ ಎಸಳನ್ನು ನೀರಲ್ಲಿ ಅದ್ದಿ, ಮೂರ್ತಿಯ ಬಲಕ್ಕೊಂದು ಎಡಕ್ಕೊಂದು ಅಂಟಿಸಿ, ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳುತ್ತಾನೆ. ಆಮೇಲೆ ಎಲ್ಲರೂ ಕೈಮುಗಿದು ಕಾಯುವುದು. ಯಾವ ಎಸಳು ಮೊದಲು ಬೀಳುತ್ತದೋ ಅದು ದೇವಿಯ ಮಾತು. ಒಮ್ಮೊಮ್ಮೆ ಗಂಟೆಗಟ್ಟಲೆ ಬೀಳುವುದಿಲ್ಲ, ಹೆಂಗಸರು ನಿಂತಲ್ಲೇ ಜೋಲಿ ಹೊಡೆಯುತ್ತಾರೆ. ಬಿದ್ದ ಮೇಲೆ ಮಾತ್ರ ಮರುಮಾತಿಲ್ಲ. ಆಯಿ ಗುನಗನ ಹತ್ತಿರ ಹೋಗಿ ಹೇಳಿ ಬಂದಳು: ಮಕ್ಕಳು ತಮ್ಮ ತಮ್ಮ ಹೂವು ತಾವೇ ತರುತ್ತಾರೆ, ಬಲಕ್ಕೆ ದೊಡ್ಡವಳದು, ಎಡಕ್ಕೆ ಸಣ್ಣವಳದು, ಯಾರ ಹೂವು ಮೊದಲು ಬೀಳುತ್ತದೋ ಅವಳು ಹೋಗಲಿ.

ಗುಡಿಗೆ ಹೋಗುವ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಾಕಿದಳು. ಯಾವತ್ತೂ ನಾಲ್ಕು ಹನಿ ಹಾಕುವವಳು ಅಂದು ಅಂಗೈ ತುಂಬ ಹಾಕಿದಳು. ಜಡೆಯ ತುದಿಯವರೆಗೂ ಎಣ್ಣೆ.

"ಇಷ್ಟು ಎಂತಕ್ಕೆ?"

"ಅಮ್ಮನ ಮುಂದೆ ನಿಲ್ಲೂದಲ. ಚಂದ ಕಾಣ್ಲಿ."

ಜಡೆ ಹೆಣೆಯಲು ಶುರುಮಾಡಿದಳು. ನಾನು ಕೇಳಿದೆ:

"ನೀ ಹೋದ್ರೆ ಅಲ್ಲಿ ನಿಂಗೆ ಚೆಂಡು ಯಾರು ಕೊಡ್ತ್ರು?"

"ಯಾರು ಕೊಟ್ರೂ ನಾ ಹೊಡೀತೆ ಬಿಡು."

ಅವಳು ಜಂಭದಿಂದ ಹೇಳಲಿಲ್ಲ. ನಾಳೆ ಬಿಸಿಲು ಬರುತ್ತದೆ ಎನ್ನುವಂತೆ ಹೇಳಿದಳು. ಹಾಗೆ ಹೇಳಿದ್ದರಿಂದಲೇ ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ನಾನು ತಂದುಕೊಟ್ಟ ಚೆಂಡುಗಳಿಗೆ ಇಷ್ಟೇ ಬೆಲೆಯೇ ಎಂದು ಕಣ್ಣು ತುಂಬಿತು. ಬಾವಿಯ ಹತ್ತಿರದ ದಾಸವಾಳದ ಗಿಡದಿಂದ ಅವಳೊಂದು ಹೂ ಕಿತ್ತಳು, ನಾನೊಂದು ಕಿತ್ತೆ. ಅವಳು ಕಾಲು ತೊಳೆಯಲು ಬಾವಿಕಟ್ಟೆ ಹತ್ತಿದಾಗ ನಾನು ಗಿಡದ ಹಿಂದೆ ಸರಿದು, ನನ್ನ ಹೂವಿನಿಂದ ಒಂದು ಎಸಳು ಬಿಡಿಸಿ, ಅದರ ಬೆನ್ನನ್ನು ನನ್ನ ಜಡೆಗೆ ಉಜ್ಜಿದೆ. ಒಂದು ಸಲವಲ್ಲ, ನಾಲ್ಕೈದು ಸಲ. ಎಣ್ಣೆ ಮೆತ್ತಿದ್ದು ಕಲ್ಲಿಗೆ ಅಂಟುವುದಿಲ್ಲ ಎಂಬುದು ಮೀನಿನ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದ ಹೂವನ್ನು ಬಾವಿಗೆ ಎಸೆದೆ.

ಗುಡಿಯ ಒಳಗೆ ಕತ್ತಲೆಯಿತ್ತು, ಗುನಗನಿಗೂ ವಯಸ್ಸಾಗಿ ಕಣ್ಣು ಮಸುಕಾಗಿತ್ತು. ಅವನು ಎರಡೂ ಎಸಳುಗಳನ್ನು ತಂಬಿಗೆಯಲ್ಲಿ ಅದ್ದಿ, ಬಲಕ್ಕೆ ಅಕ್ಕನದು, ಎಡಕ್ಕೆ ನನ್ನದು ಒತ್ತಿ ಅಂಟಿಸಿದ.

"ತಾಯಿ, ಮಕ್ಕಳಿಬ್ರು ನಿನ್ನ ಮುಂದೆ ನಿಂತಿದ್ರು. ಒಬ್ಳು ಹೋಗ್ಬೇಕು, ಒಬ್ಳು ಇರ್ಬೇಕು. ಯಾರು ಅಂತ ನೀನೇ..."

ಅವನ ಮಾತು ಮುಗಿದಿರಲಿಲ್ಲ, ನನ್ನ ಎಸಳು ಜಾರಿ ಬಿತ್ತು. ಗುನಗ ಬಾಯಿ ತೆರೆದುಕೊಂಡೇ ನಿಂತ. ಇಷ್ಟು ಬೇಗ ದೇವಿ ಯಾರಿಗೂ ಕೊಟ್ಟದ್ದನ್ನು ತಾನು ಕಂಡೇ ಇಲ್ಲ ಎಂದು ಆಮೇಲೆ ಊರಿಗೆಲ್ಲ ಹೇಳಿದವನು ಅವನೇ. ಆಯಿ ಅಳುತ್ತ ನೆಲಕ್ಕೆ ಹಣೆ ಮುಟ್ಟಿಸಿದಳು. ಬಿದ್ದ ಎಸಳು ಪ್ರಸಾದ; ಅದನ್ನು ಮುಡಿಯಬೇಕು. ಗುನಗ ಅದನ್ನು ಅಕ್ಕನ ಕೈಗೆ ಹಾಕಿ, ತಂಗಿಯ ಜಡೆಗೆ ಸಿಕ್ಕಿಸು ಎಂದ. ಅಕ್ಕ ನನ್ನ ಹಿಂದೆ ಬಂದು ನಿಂತಳು. ಅವಳ ಬೆರಳು ನನ್ನ ಕತ್ತಿನ ಹತ್ತಿರ ಬಂದು ನಿಂತುಬಿಟ್ಟಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅವಳು ಆ ಎಸಳನ್ನು ಒಮ್ಮೆ ತಿಕ್ಕಿದ್ದು ನನಗೆ ಕೇಳಿಸಿತು, ಅಥವಾ ಕೇಳಿಸಿತೆಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ. ಆಮೇಲೆ ಅವಳು ಕೈಯನ್ನು ತನ್ನ ಲಂಗಕ್ಕೆ ಒರೆಸಿಕೊಂಡು, ಎಸಳನ್ನು ನನ್ನ ಜಡೆಗೆ ಸಿಕ್ಕಿಸಿದಳು. ಬಲಗಡೆಯ ಅವಳ ಎಸಳು ಸಂಜೆಯವರೆಗೂ ಬೀಳಲಿಲ್ಲವಂತೆ.

ನಾನು ಹೋದೆ. ಹಾಸ್ಟೆಲಿಗೆ ಹೋದ ಮೊದಲ ದಿನವೇ ತಲೆಯನ್ನು ಮೂರು ಸಲ ತೊಳೆದೆ. ಅಂದಿನಿಂದ ಇಂದಿನವರೆಗೆ ನನ್ನ ತಲೆಗೆ ಎಣ್ಣೆ ಹಾಕಿಲ್ಲ. ಮೊದಲು ಜೂನಿಯರ್ ತಂಡ, ಆಮೇಲೆ ದೊಡ್ಡ ತಂಡ, ಎದೆಯ ಮೇಲೆ ದೇಶದ ಹೆಸರು. ಜೊತೆಯವರು ನನ್ನ ಒಣಗೂದಲು ನೋಡಿ ತೆಂಗಿನ ನಾರು ಎಂದು ರೇಗಿಸುತ್ತಿದ್ದರು. ಒಂದು ದಿನ ಕತ್ತರಿಸಿಯೇ ಹಾಕಿದೆ. ನನ್ನ ಆಟ ಚೆನ್ನಾಗಿತ್ತೇ ಎಂದು ಕೇಳಿದರೆ, ಚೆನ್ನಾಗಿತ್ತು. ಹೆದರಿದವರು ಕಷ್ಟಪಟ್ಟು ಆಡುವಷ್ಟು ಯಾರೂ ಆಡುವುದಿಲ್ಲ. ನಡುವೆ ನಿಲ್ಲುವ ಜಾಗವೂ ಸಿಕ್ಕಿತು, ಗೋಲುಗಳೂ ಬಂದವು. ಹಿಮ ಬೀಳುವ ದೇಶಗಳಲ್ಲಿ, ನೀರು ಹೊಯ್ದ ಪ್ಲಾಸ್ಟಿಕ್ ಹುಲ್ಲಿನ ಮೇಲೆ, ನೂರಾರು ಸಲ ಚೆಂಡು ಹಿಡಿದು ಓಡಿದೆ. ಪ್ರತಿ ಗೋಲಿನ ನಂತರ ಜೊತೆಯವರು ಬಂದು ತಬ್ಬಿಕೊಂಡಾಗ ಮನಸ್ಸಿಗೆ ಬರುತ್ತಿದ್ದದ್ದು ಒಂದೇ: ಇದನ್ನು ಅಕ್ಕ ಇನ್ನೂ ಸಲೀಸಾಗಿ ಹೊಡೆಯುತ್ತಿದ್ದಳು. ಸಂತೋಷವೆಂದು ಕರೆಯಬಹುದಾದದ್ದು ನನಗೆ ಆ ಮೈದಾನಗಳಲ್ಲಿ ಸಿಗಲಿಲ್ಲ.

ವರ್ಷಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಮುಂದಿನ ಕೋಣೆಯ ಗೋಡೆಯ ಮೇಲೆ ಆಯಿ ನನ್ನ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಳು. ಅಪ್ಪ ಸಾಯುವವರೆಗೂ ದೋಣಿಗಳಿಗೆ ಹೇಳುವುದನ್ನು ಬಿಟ್ಟು, ಬಂದವರಿಗೆಲ್ಲ ಆ ಫೋಟೋ ತೋರಿಸಿ, ದೇವಿ ಎಸಳು ಕೊಟ್ಟ ಕಥೆ ಹೇಳುತ್ತಿದ್ದ. ಸನ್ಮಾನಕ್ಕೆ ಕರೆದವರೂ ಅದನ್ನೇ ಹೇಳುತ್ತಿದ್ದರು. ವೇದಿಕೆಯ ಮೇಲೆ ಕೂತು, ಹಾರ ಹಾಕಿಸಿಕೊಂಡು, ಹೌದೌದು ಎಂದು ತಲೆಯಾಡಿಸುವುದನ್ನು ನಾನು ಆಟಕ್ಕಿಂತ ಚೆನ್ನಾಗಿ ಕಲಿತೆ. ಅಕ್ಕನಿಗೆ ಬೆಳಕೆ ಊರಿನ ಕಡೆಯ ಒಬ್ಬ ಒಳ್ಳೆಯ ಮನುಷ್ಯನ ಜೊತೆ ಮದುವೆಯಾಯಿತು. ದೋಣಿಗೆ ಹೋಗುವವನು, ನಮ್ಮ ಮನೆಯಲ್ಲೇ ಉಳಿದ. ಅಕ್ಕನ ಅಂಗೈಗಳು ಉಪ್ಪಿಗೆ ಬಿರಿದು, ಬಿರುಕಿನೊಳಗೆ ಬಿರುಕು ಬಿದ್ದಿದ್ದವು. ಅವಳು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಆದರೆ ಆಟದ ಬಗ್ಗೆ ಒಂದು ಮಾತು ಕೇಳಿದ್ದಿಲ್ಲ. ಪ್ರತಿಸಲವೂ ಒಂದೇ ಪ್ರಶ್ನೆ.

"ಅಲ್ಲಿ ಎಂತ ಉಂಡೆ?"

ಬ್ರೆಡ್ಡು, ಆಲೂಗಡ್ಡೆ ಎನ್ನುತ್ತಿದ್ದೆ. ಆತು, ಎಂದು ಮೀನು ಸುಡಲು ಹೋಗುತ್ತಿದ್ದಳು. ವಿದೇಶದಲ್ಲಿ ನಾನು ಮೊದಲ ಗೋಲು ಹೊಡೆದ ಸ್ಟಿಕ್ಕನ್ನು ಒಂದು ಸಲ ತಂದು ಅವಳಿಗೇ ಕೊಟ್ಟೆ. ಕೊಡುವಾಗ ಎಸಳಿನ ವಿಷಯ ಹೇಳಬೇಕೆಂದಿದ್ದೆ, ಗೋಲಿನ ವಿಷಯವನ್ನಷ್ಟೇ ಹೇಳಿದೆ. ಅವಳು ಅದನ್ನು ತಿರುಗಿಸಿ ನೋಡಿ, ಮೂಲೆಗೆ ಒರಗಿಸಿದಳು. ಮುಂದಿನ ವರ್ಷ ಬಂದು ನೋಡಿದರೆ, ಅದು ಅಂಗಳದಲ್ಲಿ ಕಾಗೆ ಓಡಿಸುವ ಕೋಲಾಗಿತ್ತು.

ಒಂದು ದೊಡ್ಡ ಪಂದ್ಯಾವಳಿಯ ಸೆಮಿಫೈನಲ್. ಪಂದ್ಯ ಸಮವಾಗಿತ್ತು, ಕೊನೆಯ ನಿಮಿಷಗಳಲ್ಲಿ ನಮಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಬೇಕಾದವಳು ನಾನು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಆ ಮಧ್ಯಾಹ್ನ ನಮ್ಮ ಊರಿನಲ್ಲಿ ಟಿ.ವಿ. ಇದ್ದ ಮನೆಗಳಲ್ಲೆಲ್ಲ ಜನ ಸೇರಿದ್ದರಂತೆ, ಆಯಿ ಗುಡಿಯಿಂದ ಹೂ ತಂದು ಟಿ.ವಿ.ಯ ಮೇಲೆ ಇಟ್ಟಿದ್ದಳಂತೆ. ನಾನು ಚೆಂಡಿನ ಹಿಂದೆ ನಿಂತೆ. ಅಕ್ಕ ಬುಟ್ಟಿಗೆ ಹೊಡೆದಾಗಿನ ಟಪ್ಪೆಂಬ ಸದ್ದು ಎಲ್ಲಿಂದಲೋ ಕಿವಿಗೆ ಬಂತು. ಹೊಡೆದೆ. ಚೆಂಡು ಕಂಬಕ್ಕೆ ತಾಗಿ ಹೊರಗೆ ಹೋಯಿತು. ಅವರು ತಿರುಗಿ ಬಂದು ಗೋಲು ಹೊಡೆದರು. ನಾವು ಸೋತೆವು. ಮುಂದಿನ ವರ್ಷ ಅಭ್ಯಾಸದಲ್ಲಿ ಮೊಣಕಾಲು ತಿರುಚಿ, ಎರಡು ಶಸ್ತ್ರಕ್ರಿಯೆಯಾಗಿ, ಆಟ ಮುಗಿಯಿತು. ಒಂದು ಸರಕಾರಿ ನೌಕರಿ ಸಿಕ್ಕಿತು. ಆ ಸಲ ಕುಂಟುತ್ತ ಮನೆಗೆ ಬಂದಾಗ ಆಯಿ ಒಂದು ದೂರು ಹೇಳಿದಳು: ಮಾದೇವಿ ಈಗ ಗುಡಿಗೆ ಬರುವುದೇ ಇಲ್ಲ, ಕೇಳಿದರೆ ಮೀನು ಮಗುಚಲು ಎದ್ದುಹೋಗುತ್ತಾಳೆ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಯಿ ಬದುಕಿರುವಷ್ಟು ದಿನ ಬಾಯಿ ಬಿಡಬಾರದೆಂದು ನಿರ್ಧರಿಸಿದ್ದೆ. ಅವಳಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ಅವಳು ಕಳೆದ ಚಳಿಗಾಲದಲ್ಲಿ ಹೋದಳು. ಕ್ರಿಯೆಗಳೆಲ್ಲ ಮುಗಿದ ಮರುದಿನ ಗುಡಿಯ ಕಮಿಟಿಯವರು ಬಂದರು. ಗುಡಿಯನ್ನು ಹೊಸದಾಗಿ ಕಟ್ಟುತ್ತಿದ್ದಾರೆ, ಮುಂಭಾಗದ ಗೋಡೆಯ ಮೇಲೆ ನನ್ನ ಪ್ರಸಾದದ ಕಥೆಯನ್ನು ಕಲ್ಲಿನಲ್ಲಿ ಕೆತ್ತಿಸಬೇಕೆಂದಿದ್ದಾರೆ, ನಾನು ಒಪ್ಪಿಗೆ ಕೊಡಬೇಕು. ಬೇಡ ಎಂದೆ. ಅವರು ಅದನ್ನು ನನ್ನ ವಿನಯವೆಂದು ತಿಳಿದು ಇನ್ನೂ ಹೊಗಳಿದರು. ಬೇಡವೆಂದರೆ ಬೇಡ ಎಂದು ಸಿಡುಕಿ ಅವರನ್ನು ಕಳಿಸಿದೆ. ಅಕ್ಕ ಅಂಗಳದಲ್ಲಿ ಇದನ್ನೆಲ್ಲ ಕೇಳುತ್ತಿದ್ದಳು. ಅವಳ ಕೈಯಲ್ಲಿ ನಾನು ಕೊಟ್ಟ ಸ್ಟಿಕ್ಕಿತ್ತು. ಉಪ್ಪು ತಿಂದು ಅದರ ಬಣ್ಣ ಹೋಗಿತ್ತು, ತುದಿ ಸವೆದಿತ್ತು. ಅವಳು ಕಾಗೆ ಓಡಿಸಲು ಹಿಡಿದಿದ್ದರೂ ಎಡಗೈ ಮೇಲಿತ್ತು, ಬಲಗೈ ಕೆಳಗಿತ್ತು. ಇಷ್ಟು ವರ್ಷ ಅದನ್ನು ನಾನು ಗಮನಿಸಿರಲಿಲ್ಲ.

"ಎಂತಕ್ಕೆ ಬೇಡ ಅಂದೆ ಅವರಿಗೆ?"

"ಆ ದಿನ ನನ್ನ ಎಸಳಿಗೆ ಎಣ್ಣೆ ಹಚ್ಚಿದ್ದೆ ಅಕ್ಕ. ಜಡೆಗೆ ಉಜ್ಜಿದ್ದೆ."

ಮೂವತ್ತು ವರ್ಷ ಬಚ್ಚಿಟ್ಟಿದ್ದ ಮಾತು ಹೊರಗೆ ಬರಲು ಒಂದು ಉಸಿರೂ ಹಿಡಿಯಲಿಲ್ಲ. ಅಕ್ಕ ಸ್ಟಿಕ್ಕನ್ನು ನೆಲಕ್ಕೆ ಊರಿದಳು.

"ಗೊತ್ತದೆ."

"ಗೊತ್ತಿದ್ದೂ ಎಂತಕ್ಕೆ ಸುಮ್ನಿದ್ದೆ?"

"ಅಮ್ಮನೇ ನೋಡ್ಕಣ್ತಾಳೆ ಅಂದ್ಕಂಡೆ. ಅವಳ ಮೈಮೇಲೇ ಮೋಸ ಮಾಡಿದ್ದಲ, ಬಿಡ್ತಾಳಾ ಅಂತ. ಕಾದೆ. ನೀ ಗೆದ್ದೆ ಅಂತ ಪೇಪರಲ್ಲಿ ಬಂದಾಗೆಲ್ಲ ಗುಡಿಗೆ ಹೋಗಿ ಅವಳ ಹತ್ರ ಜಗಳ ಮಾಡಿ ಬರ್ತಿದ್ದೆ. ಆಯಿ ಮಾತ್ರ, ಇವಳು ತಂಗಿಗೆ ಹರಕೆ ಹೇಳೂಕೆ ಹೋಗ್ತಾಳೆ ಅಂತ ತಿಳ್ಕಂಡಿದ್ಲು."

ಅವಳು ಒಂದು ಕಾಗೆಯ ಕಡೆಗೆ ಸ್ಟಿಕ್ ಬೀಸಿದಳು. ಕಾಗೆ ಹಾರಿತು.

"ಆ ಪೆನಾಲ್ಟಿ ನೀ ತಪ್ಪಿಸ್ದಾಗ ಎಲ್ಲಾ ಅಳ್ತಿದ್ರು. ನಾ ಹೋಗಿ ದೀಪ ಹಚ್ಚಿ ಬಂದೆ. ಅಷ್ಟು ಖುಷಿಯಾಗಿತ್ತು ನಂಗ್. ವರ್ಷ ಆಗೂದ್ರೊಳಗೆ ನಿನ್ನ ಕಾಲು ಹೋತು. ನಾ ಅಷ್ಟೆಲ್ಲ ಕೇಳಿರ್ಲಿಲ್ಲ ನಾಗಿ. ಅಂದಿಂದ ಗುಡಿ ಮೆಟ್ಲು ಹತ್ತಲಿಲ್ಲ."

ನನಗೆ ಅಳು ಬಂತು. ಕ್ಷಮಿಸು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ನನಗೂ ಹೇಳಲು ಬರಲಿಲ್ಲ. ಅಕ್ಕ ಅಳಲಿಲ್ಲ. ನನ್ನ ಅಳು ಮುಗಿಯುವವರೆಗೂ ಕಾದು, ಕೇಳಿದಳು.

"ಒಂದು ಕೇಳ್ತೆ, ನಿಜ ಹೇಳು. ಆ ಹೊಡೆತ ನಾನಾಗಿದ್ರೆ ಒಳಗೆ ಹಾಕ್ತಿದ್ನಾ?"

ಆಟದ ಬಗ್ಗೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಹೇಳುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿತ್ತು. ಆ ಕೀಪರ್ ಎಷ್ಟು ಎತ್ತರದವಳು, ಜನರ ಗದ್ದಲ ಎಷ್ಟಿತ್ತು, ಆ ಚಳಿಗೆ ಬೆರಳು ಹೇಗೆ ಮರಗಟ್ಟಿತ್ತು, ಎಲ್ಲ ಹೇಳಬಹುದಿತ್ತು. ಯಾರಾಗಿದ್ದರೂ ತಪ್ಪುತ್ತಿತ್ತು ಎಂದರೆ ಅವಳ ಮನಸ್ಸು ಹಗುರಾಗುತ್ತಿತ್ತೋ ಏನೋ. ಆದರೆ ಆ ಹೊಡೆತವನ್ನು ಮನಸ್ಸಿನೊಳಗೆ ಸಾವಿರ ಸಲ ಹೊಡೆದಿದ್ದೇನೆ, ಚೆಂಡು ಒಳಗೆ ಹೋದಾಗಲೆಲ್ಲ ಹೊಡೆದವಳು ನಾನಾಗಿರುವುದಿಲ್ಲ. ಇವಳಿಗೆ ಇನ್ನೊಂದು ಸಲ ಮೋಸ ಮಾಡಲು ನನ್ನಿಂದ ಆಗಲಿಲ್ಲ.

"ನೀ ಹಾಕ್ತಿದ್ದೆ ಅಕ್ಕ."

"ಹಂ," ಎಂದಳು. ಸ್ಟಿಕ್ಕಿನ ಸವೆದ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಅದರಿಂದಲೇ ಅಂಗಳದ ಆಚೆ ಬದಿಯನ್ನು ತೋರಿಸಿದಳು.

"ಆತು. ಆ ಕಡೆ ಸಾಲು ಇನ್ನೂ ಮಗುಚಲಿಲ್ಲ. ಬಿಸಿಲು ಹೋಗೂದ್ರೊಳಗೆ ಮಾಡು."

ಮೊಣಕಾಲು ಮಡಚಲು ಬರದ ನಾನು ಸೊಂಟವನ್ನಷ್ಟೇ ಬಗ್ಗಿಸಿ, ಸಾಲುಗಳ ನಡುವಿನ ದಾರಿಗೆ ಇಳಿದು, ಮೊದಲ ಬಂಗಡೆಯನ್ನು ಮಗುಚಿದೆ.